ಅಟ್ಟ ಹತ್ತಿ ನೋಡುವ ಸೀಮೆ

ಹಳೇ ಕಾಲದ ಹಳ್ಳಿ, ಹಳೇ ಕಾಲದ ಮನೆ ನೋಡಬೇಕೆಂದು ಹೊರಡುವವರಿಗೆ ನಮ್ಮ ರಾಜ್ಯದಲ್ಲಿ ಸಿದ್ಧ ವಿಳಾಸಗಳಿವೆ. ಬೀಳಲಿದ್ದ ಮನೆಗಳನ್ನು ತೊಲೆ, ಕಂಬ, ಬಾಗಿಲು ಸಮೇತ ಬಿಚ್ಚಿ ತಂದು ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದ ಪಾರಂಪರಿಕ ಗ್ರಾಮವಿದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ರಾಕ್ ಗಾರ್ಡನ್ನಿನಲ್ಲಿ ಸಿಮೆಂಟಿನ ಎತ್ತು, ಸಿಮೆಂಟಿನ ಗೌಡ, ಸಿಮೆಂಟಿನ ಗೌಡತಿ ಇಡೀ ಊರನ್ನೇ ತುಂಬಿಕೊಂಡಿದ್ದಾರೆ. ಮೂರೂ ನೋಡತಕ್ಕವೇ. ಆದರೆ ಮೂರರಲ್ಲೂ ಮನೆಯವರು ಮಾತ್ರ ಇರುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕಥೆ ಬೇರೆ. ಇಲ್ಲಿ ಪಾರಂಪರಿಕ ಗ್ರಾಮ ಎಂಬ ಫಲಕವಿಲ್ಲ, ಟಿಕೆಟ್ ಕೌಂಟರ್ ಇಲ್ಲ, ಗೈಡ್ ಇಲ್ಲ. ಬೆಂಗಳೂರಿನಿಂದ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗುವವರು ಕಿಟಕಿಯಲ್ಲಿ ತೆಂಗಿನ ತೋಟ ನೋಡುತ್ತಾ, ಕೆ.ಬಿ. ಕ್ರಾಸಿನಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು, ಮುಂದಕ್ಕೆ ಹೋಗಿಬಿಡುತ್ತಾರೆ. ನೋಡಬೇಕಾದದ್ದು ರಸ್ತೆಯಿಂದ ಕಾಣುವುದಿಲ್ಲ. ಅದು ಮನೆಯ ಒಳಗೆ, ತಲೆಯ ಮೇಲೆ, ಅಟ್ಟದಲ್ಲಿದೆ.

ಜಪಾನಿನ ಗಿಫು ಪ್ರಾಂತ್ಯದ ಬೆಟ್ಟಗಳ ನಡುವೆ ಶಿರಕಾವಾ-ಗೋ ಎಂಬ ಹಳ್ಳಿಸೀಮೆಯಿದೆ. ಅಲ್ಲಿನ ಮನೆಗಳಿಗೆ ಕಡಿದಾದ ಹುಲ್ಲಿನ ಮಾಡು, ಮಾಡಿನೊಳಗೆ ಅಂತಸ್ತಿನ ಮೇಲೆ ಅಂತಸ್ತಿನ ಅಟ್ಟ. ಹಿಂದೆ ಆ ಅಟ್ಟಗಳಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು, ಕೆಳಗಿನ ಒಲೆಯ ಹೊಗೆ ಮೇಲೇರಿ ಮಾಡಿನ ಹುಲ್ಲನ್ನು ಕಾಯುತ್ತಿತ್ತು. 1995ರಲ್ಲಿ ಆ ಹಳ್ಳಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗ ಅಟ್ಟ ಉಳಿದಿದೆ, ಹುಳುವಿನ ಕಸುಬು ಹೋಗಿದೆ, ಊರು ಪ್ರವಾಸಿಗರನ್ನು ನಂಬಿಕೊಂಡಿದೆ. ತಿಪಟೂರು ಸೀಮೆಯಲ್ಲಿ ಆಗಿರುವುದು ಇದರ ಉಲ್ಟಾ. ಮಣ್ಣಿನ ಗೋಡೆ ಬಿದ್ದು ಇಟ್ಟಿಗೆ ಗೋಡೆ ಎದ್ದಿದೆ, ನಾಡಹೆಂಚು ಹೋಗಿ ಶೀಟು ಬಂದಿದೆ, ಆದರೆ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಕೊಬ್ಬರಿ ಮಾಡುವ ಕಸುಬು ಮುತ್ತಾತನ ಕಾಲದಲ್ಲಿ ಇದ್ದ ಹಾಗೇ ಇದೆ. ಅದನ್ನು ಕಾಪಾಡಿದ್ದು ಯಾವ ಇಲಾಖೆಯೂ ಅಲ್ಲ, ಕೊಬ್ಬರಿಯ ದರ. ಹಾಗಾಗಿ ಈ ಕಡೆ ಬರುವವರು ರಜೆಯ ಕ್ಯಾಲೆಂಡರ್ ನೋಡುವ ಮೊದಲು ಕೊಬ್ಬರಿಯ ಲೆಕ್ಕಾಚಾರ ತಿಳಿದುಕೊಂಡು ಬರುವುದು ಒಳ್ಳೆಯದು.

ದಾರಿ

ತಿಪಟೂರು ಬೆಂಗಳೂರಿನಿಂದ ಸುಮಾರು 140 ಕಿ.ಮೀ. ಹಳಬರ ಬಾಯಲ್ಲಿ ಇದು ಈಗಲೂ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರು, ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿದರೆ ತಿಪಟೂರು, ಅದರ ಮುಂದೆ ಅರಸೀಕೆರೆ. ರೈಲು ಇನ್ನೂ ಸಲೀಸು. ಬೆಂಗಳೂರಿನಿಂದ ಅರಸೀಕೆರೆ ಮೇಲೆ ಹುಬ್ಬಳ್ಳಿಗೂ ಶಿವಮೊಗ್ಗಕ್ಕೂ ಹೋಗುವ ಬಹಳಷ್ಟು ಗಾಡಿಗಳು ಇಲ್ಲಿ ನಿಲ್ಲುತ್ತವೆ. ಬೆಳಗಿನ ಗಾಡಿ ಹಿಡಿದರೆ ಹತ್ತು ಗಂಟೆಗೆ ಊರಲ್ಲಿರಬಹುದು.

ನಕ್ಷೆಯಲ್ಲಿ ಕಣ್ಣಿಡಬೇಕಾದ ಜಾಗ ತಿಪಟೂರಲ್ಲ, ಕಿಬ್ಬನಹಳ್ಳಿ ಕ್ರಾಸ್. ಎಲ್ಲರ ಬಾಯಲ್ಲೂ ಅದು ಕೆ.ಬಿ. ಕ್ರಾಸ್. ಹಿರಿಯೂರಿನ ಕಡೆಯಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ ಹಾದು ಬರುವ 150ಎ ಹೆದ್ದಾರಿ ಇಲ್ಲಿ ಬಿ.ಎಚ್. ರಸ್ತೆಯನ್ನು ಅಡ್ಡ ದಾಟಿ ತುರುವೇಕೆರೆ, ನಾಗಮಂಗಲದ ಮೇಲೆ ಮೈಸೂರಿಗೆ ಹೋಗುತ್ತದೆ. ಕ್ರಾಸಿನಿಂದ ಉತ್ತರಕ್ಕೆ ತಿರುಗಿದರೆ ಗುಡ್ಡ, ದಕ್ಷಿಣಕ್ಕೆ ತಿರುಗಿದರೆ ಹೊಯ್ಸಳರ ಗುಡಿ, ಪಶ್ಚಿಮಕ್ಕೆ ಕೊಬ್ಬರಿ ಮಾರುಕಟ್ಟೆ. ಈ ಒಂದು ಕೂಡು ರಸ್ತೆ ತಲೆಯಲ್ಲಿದ್ದರೆ ದಾರಿ ತಪ್ಪುವ ಮಾತೇ ಇಲ್ಲ. ತಿಪಟೂರಿನಲ್ಲಿ ಉಳಿದುಕೊಳ್ಳಲು ಸಾಧಾರಣ ಲಾಡ್ಜುಗಳಿವೆ. ರೆಸಾರ್ಟ್ ಹುಡುಕುವವರಿಗೆ ಇದು ಊರಲ್ಲ.

ಅಟ್ಟ ಮಾಡುವ ಕೆಲಸ

ಕರಾವಳಿಯ ಜನ ಕಾಯಿ ಒಡೆದು, ಹೋಳನ್ನು ಬಿಸಿಲಿಗೋ ಗೂಡಿಗೋ ಹಾಕಿ ಕೆಲವೇ ದಿನಗಳಲ್ಲಿ ಒಣಗಿಸುತ್ತಾರೆ. ಅದು ಗಾಣಕ್ಕೆ ಹೋಗುವ, ಎಣ್ಣೆಯ ಕೊಬ್ಬರಿ. ಅಲ್ಲಿನ ಗಾಳಿಯಲ್ಲಿ ತೇವ ಹೆಚ್ಚು, ಇಡೀ ಕಾಯನ್ನು ತಿಂಗಳುಗಟ್ಟಲೆ ಇಟ್ಟರೆ ಒಳಗೇ ಕೊಳೆಯುತ್ತದೆ. ತಿಪಟೂರು ಬಯಲುಸೀಮೆ, ಒಣ ಗಾಳಿ. ಇಲ್ಲಿ ಕಾಯಿಯನ್ನು ಒಡೆಯುವುದಿಲ್ಲ, ಸುಲಿಯುವುದೂ ಇಲ್ಲ. ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡುತ್ತಾರೆ. ಎಂಟು ತಿಂಗಳಿಂದ ವರ್ಷದವರೆಗೆ.

ಹೂವಾಗಿ ಕಾಯಿ ಬಲಿಯಲು ಮರದ ಮೇಲೆ ಒಂದು ವರ್ಷ, ಕೊಬ್ಬರಿಯಾಗಲು ಅಟ್ಟದ ಮೇಲೆ ಇನ್ನೊಂದು ವರ್ಷ. ಇವತ್ತು ನೀವು ಅಂಗಡಿಯಲ್ಲಿ ಕೊಳ್ಳುವ ಗಿಟುಕು, ಅಂದರೆ ಉಂಡೆ ಕೊಬ್ಬರಿ, ಎರಡು ವರ್ಷದ ಹಿಂದೆ ಹೊಂಬಾಳೆಯಾಗಿತ್ತು.

ಅಟ್ಟದ ನೆಲವನ್ನು ನೋಡಿ. ಹಲಗೆ ಜೋಡಿಸಿ ಮುಚ್ಚಿದ ನೆಲವಲ್ಲ. ಅಡಿಕೆ ದಬ್ಬೆ, ಬಿದಿರು ಅಥವಾ ಮರದ ಪಟ್ಟಿಗಳನ್ನು ಬೆರಳು ತೂರುವಷ್ಟು ಸಂದು ಬಿಟ್ಟು ಜೋಡಿಸಿರುತ್ತಾರೆ, ಕಾಯಿ ಬೀಳಬಾರದು, ಗಾಳಿ ನಿಲ್ಲಬಾರದು. ಹಳೇ ತೊಟ್ಟಿಮನೆಗಳಲ್ಲಿ ನಡುಮನೆ ಮತ್ತು ಅಡುಗೆಮನೆಯ ಮೇಲೇ ಅಟ್ಟ. ಒಲೆಯ ಹೊಗೆ ಸಂದುಗಳಲ್ಲಿ ನುಗ್ಗಿ ಕಾಯಿಯನ್ನು ಬೆಚ್ಚಗಿಡುತ್ತಿತ್ತು, ಹುಳ ಹಿಡಿಯದಂತೆ ನೋಡಿಕೊಳ್ಳುತ್ತಿತ್ತು. ಗ್ಯಾಸ್ ಒಲೆ ಬಂದಮೇಲೆ ಆ ಹೊಗೆ ನಿಂತಿತು. ಈಗ ಬಹುಪಾಲು ರೈತರು ತೋಟದಲ್ಲೇ ಬೇರೆಯಾಗಿ ಕೊಬ್ಬರಿ ಶೆಡ್ ಕಟ್ಟಿಕೊಂಡಿದ್ದಾರೆ. ಮೇಲೆ ಕಾಯಿ, ಕೆಳಗೆ ದನ, ಹುಲ್ಲು, ಟಿಲ್ಲರ್, ಮೊಮ್ಮಗನ ಬೈಕು. ಮಳೆಗಾಲದಲ್ಲಿ ತೇವ ಏರಿದಾಗ ಕೆಳಗೆ ಮಟ್ಟೆ ಹಾಕಿ ಸಣ್ಣಗೆ ಹೊಗೆ ಕೊಡುವವರು ಈಗಲೂ ಇದ್ದಾರೆ. ಸಣ್ಣಗೆ ಎಂಬುದು ಮುಖ್ಯ. ಒಣಗಿದ ಮಟ್ಟೆಯ ರಾಶಿಗೆ ಕಿಡಿ ತಾಗಿದರೆ ಆರಿಸುವುದು ಯಾರ ಕೈಲೂ ಆಗದು. ಶೆಡ್ಡಿನ ಹತ್ತಿರ ಬೀಡಿ ಸಿಗರೇಟು ಹಚ್ಚಿದ ನೆಂಟನನ್ನು ಎಂಥ ಮರ್ಯಾದಸ್ಥ ಗೌಡನೂ ಬೈಯುವುದು ಇದಕ್ಕೇ.

ಕಾಯಿಯ ಒಳಗೆ ಆಗುವುದಿಷ್ಟು. ಮಟ್ಟೆ ಬಿಸಿಲನ್ನು ತಡೆಯುತ್ತದೆ, ಹಾಗಾಗಿ ಒಣಗುವಿಕೆ ಬಹಳ ನಿಧಾನ. ಮೊದಲು ಕಾಯಿಯ ನೀರು ಇಂಗುತ್ತದೆ. ನೀರು ಹೋದಮೇಲೆ ತಿರುಳು ಒಣಗಿ ಕುಗ್ಗುತ್ತಾ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಪೂರ್ತಿ ಬಿಟ್ಟಾಗ ಇಡೀ ಉಂಡೆ ಚಿಪ್ಪಿನೊಳಗೆ ಸಡಿಲವಾಗಿ ಆಡುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಮೂರು ತರದ ಉತ್ತರ ಬರುತ್ತದೆ. ಕುಳುಕುಳು ಎಂದರೆ ಇನ್ನೂ ನೀರಿದೆ. ಏನೂ ಸದ್ದಿಲ್ಲದಿದ್ದರೆ ನೀರು ಹೋಗಿದೆ, ತಿರುಳು ಇನ್ನೂ ಅಂಟಿಕೊಂಡಿದೆ. ಗಟಗಟ ಎಂದರೆ ಕೊಬ್ಬರಿ ಆಗಿದೆ. ಅನುಭವಿಗಳು ಕುಲುಕುವುದೂ ಇಲ್ಲ, ಕೈಗೆ ತೂಕ ಸಿಕ್ಕಿದ ಕೂಡಲೇ ಪಕ್ಕಕ್ಕೆ ಎಸೆಯುತ್ತಾರೆ. ಬೀಳುವಾಗ ಬಿರುಕು ಬಿಟ್ಟ ಕಾಯಿ, ಸರಿಯಾಗಿ ಬಲಿಯದ ಕಾಯಿ ಅಟ್ಟದಲ್ಲೇ ಬೂಸ್ಟು ಹಿಡಿದು ಕೌಟಾಗುತ್ತದೆ. ಅದನ್ನು ಮೊದಲೇ ಆರಿಸಿ ತೆಗೆಯದಿದ್ದರೆ ವರ್ಷದ ಕೊನೆಗೆ ನಷ್ಟ.

ಅಟ್ಟಕ್ಕಿಂತಲೂ ನೋಡಬೇಕಾದದ್ದು ಕೊಬ್ಬರಿ ಬಿಡಿಸುವ ದಿನ. ಗಂಡಸರು ನೆಲಕ್ಕೆ ನೆಟ್ಟ ಸಲಾಕೆಗೆ ಕಾಯಿ ಕುಕ್ಕಿ, ಒಂದೆರಡು ತಿರುವಿನಲ್ಲಿ ಮಟ್ಟೆ ಕಿತ್ತು ಎಸೆಯುತ್ತಿರುತ್ತಾರೆ. ನೆರಳಲ್ಲಿ ಸಾಲಾಗಿ ಕೂತ ಹೆಂಗಸರದು ಸೂಕ್ಷ್ಮದ ಕೆಲಸ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು, ಆದರೆ ಹೊಡೆಯುವುದು ಮಚ್ಚಿನ ಬೆನ್ನಿನಿಂದ. ಕಾಯಿಯನ್ನು ಅಂಗೈಯಲ್ಲೇ ತಿರುಗಿಸುತ್ತಾ ಸುತ್ತಲೂ ಲೆಕ್ಕದ ಏಟು. ಚಿಪ್ಪು ಹೋಳುಹೋಳಾಗಿ ಉದುರಿ, ಕಂದು ಸಿಪ್ಪೆಯ ಇಡೀ ಉಂಡೆ ಮಡಿಲಿಗೆ ಬೀಳುತ್ತದೆ. ಏಟು ಕಮ್ಮಿಯಾದರೆ ಚಿಪ್ಪು ಬಿಡುವುದಿಲ್ಲ, ಜಾಸ್ತಿಯಾದರೆ ಉಂಡೆ ಸೀಳುತ್ತದೆ. ಸೀಳಿದ್ದು ಚೂರಿನ ಲೆಕ್ಕಕ್ಕೆ ಹೋಗುತ್ತದೆ, ಅದಕ್ಕೆ ದರ ಇಲ್ಲ. ಕೂಲಿ ಸಾವಿರ ಕಾಯಿಗೆ ಇಷ್ಟು ಎಂದು ಮಾತಾಗಿರುವುದರಿಂದ ಕೈ ನಿಲ್ಲುವುದಿಲ್ಲ. ಮಾತು ಮಾತ್ರ ಎಲ್ಲೆಲ್ಲಿಗೋ ಹೋಗುತ್ತಿರುತ್ತದೆ, ಯಾರ ಮನೆ ಮದುವೆ, ಯಾವ ಸಂಘದ ಕಂತು. ಈ ಕೆಲಸಕ್ಕೆ ಯಂತ್ರಗಳು ಬಂದಿದ್ದರೂ ಉಂಡೆಯನ್ನು ಇಡಿಯಾಗಿ ತೆಗೆಯುವ ವಿಷಯದಲ್ಲಿ ಈ ಕೈಗಳ ಮೇಲೇ ರೈತರ ಭರವಸೆ.

ಉಳಿದದ್ದು ಯಾವುದೂ ಪೋಲಲ್ಲ. ಚಿಪ್ಪು ಇದ್ದಿಲಿಗೆ ಹೋಗುತ್ತದೆ, ಮಟ್ಟೆ ನಾರಿನ ಕಾರ್ಖಾನೆಗೆ. ತಿಪಟೂರಿನ ಸುತ್ತಮುತ್ತ ರಸ್ತೆ ಪಕ್ಕದ ಬಯಲುಗಳಲ್ಲಿ ಕಂದು ಬಣ್ಣದ ರಾಶಿ ಹರಡಿದ್ದು ಕಂಡರೆ ಅದು ನಾರು ಒಣಗುತ್ತಿರುವುದು.

ಮನೆಯೊಳಗೆ ಹೋಗುವುದು ಹೇಗೆ

ಯಾರದೋ ಮನೆಯ ಅಟ್ಟವನ್ನು ಗುರುತು ಪರಿಚಯವಿಲ್ಲದೆ ಹತ್ತಲಾಗುವುದಿಲ್ಲ. ಗುಂಪಾಗಿ ಬರುವವರು, ಶಾಲೆ ಕಾಲೇಜಿನವರು ಎರಡು ಸಂಸ್ಥೆಗಳಿಗೆ ಮೊದಲೇ ಬರೆದು ಕೇಳುವುದು ಒಳ್ಳೆಯದು. ಒಂದು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರ. ಇನ್ನೊಂದು ಬೈಫ್ ಸಂಸ್ಥೆ, ಲಕ್ಕಿಹಳ್ಳಿಯಲ್ಲಿ ಅದರ ತರಬೇತಿ ಕ್ಷೇತ್ರವಿದೆ, ಒಣಭೂಮಿಯಲ್ಲಿ ಮರಗಿಡ, ನೀರಿಂಗಿಸುವಿಕೆ, ಹಸು ಸಾಕಣೆ ಎಲ್ಲವನ್ನೂ ಒಂದೇ ಜಾಗದಲ್ಲಿ ನೋಡಬಹುದು. ಒಬ್ಬಿಬ್ಬರಾಗಿ ಬರುವವರಿಗೆ ಇದಾವುದೂ ಬೇಡ. ಹಳ್ಳಿಯ ಚಹಾ ಅಂಗಡಿಯಲ್ಲಿ ಕೂತು ‘ಈ ಕಡೆ ಯಾರ ಮನೇಲಿ ಕೊಬ್ಬರಿ ಸುಲೀತಾ ಇದಾರೆ?’ ಎಂದು ಕೇಳಿದರೆ ಸಾಕು. ಮರು ಪ್ರಶ್ನೆಯಾಗಿ ನಿಮ್ಮ ಊರು, ಹೆಸರು, ಕೆಲಸ, ಕೊನೆಗೆ ಕೊಳ್ಳಲು ಬಂದ ವ್ಯಾಪಾರಿಯೋ ಎಂಬ ಅನುಮಾನ, ಎಲ್ಲವೂ ಬರುತ್ತದೆ. ಉತ್ತರ ಕೊಟ್ಟರೆ ಯಾರಾದರೂ ಬೈಕಿನಲ್ಲಿ ಕರೆದುಕೊಂಡು ಹೋಗಿ ಬಿಡುತ್ತಾರೆ.

ಕೆಲವು ಜಾಗರೂಕತೆ. ಕಾಯಿ ಕೀಳುವಾಗ ತೋಟದೊಳಗೆ ಕಾಲಿಡಬೇಡಿ. ಬಿದಿರಿನ ಗಳದ ತುದಿಗೆ ಕುಡುಗೋಲು ಕಟ್ಟಿದ ದೋಟಿಯಿಂದ ಗೊನೆ ಕೊಯ್ದರೆ ಕಾಯಿ ಎಲ್ಲಿ ಬಿದ್ದು ಎತ್ತ ಪುಟಿಯುತ್ತದೆಂದು ಹೇಳಲಾಗದು. ಅಟ್ಟದ ಏಣಿ ಹತ್ತುವಾಗ ಮನೆಯವರು ಕಾಲಿಟ್ಟಲ್ಲೇ ಕಾಲಿಡಿ, ದಬ್ಬೆ ಹಳೆಯದಾಗಿದ್ದರೆ ಮುರಿದೀತು. ಮೇಲೆ ಎಷ್ಟು ಕಾಯಿದೆ ಎಂದು ಮಾತ್ರ ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದಷ್ಟೇ ಸಲುಗೆಯ ಪ್ರಶ್ನೆ ಅದು, ಎಷ್ಟೋ ಮನೆಗಳಿಗೆ ಮಗಳ ಮದುವೆ, ಮಗನ ಫೀಸು ಎರಡೂ ಅಲ್ಲೇ ಮೇಲೆ ಕೂತಿರುತ್ತವೆ.

ಮಂಡಿ

ತಿಪಟೂರಿನ ಎಪಿಎಂಸಿ ಉಂಡೆ ಕೊಬ್ಬರಿಗೆ ಹೆಸರಾದ ಮಾರುಕಟ್ಟೆ, ಸುತ್ತಲಿನ ತಾಲ್ಲೂಕುಗಳಿಗೆಲ್ಲ ದರ ಗೊತ್ತಾಗುವುದು ಇಲ್ಲಿಂದ. ವಾರದ ಗೊತ್ತಾದ ದಿನಗಳಲ್ಲಿ ವಹಿವಾಟು. ದಿನಗಳು ಆಗಾಗ ಬದಲಾಗುವುದರಿಂದ ಬರುವ ಮುನ್ನ ವಿಚಾರಿಸಿಕೊಳ್ಳಿ, ಬೇರೆ ದಿನ ಬಂದರೆ ಖಾಲಿ ಅಂಗಳ ನೋಡಿ ಹೋಗಬೇಕಾಗುತ್ತದೆ. ಹಿಂದಿನಂತೆ ಕೂಗಿ ಹರಾಜು ಹಾಕುವುದಿಲ್ಲ, ಈಗ ವರ್ತಕರು ಆನ್‌ಲೈನ್ ಟೆಂಡರಿನಲ್ಲಿ ದರ ಬರೆಯುತ್ತಾರೆ. ಗದ್ದಲ ನೋಡಲು ಬಂದವರಿಗೆ ಇದು ಸ್ವಲ್ಪ ಸಪ್ಪೆ. ಆದರೆ ಚೀಲದಿಂದ ಸುರಿದ ಕೊಬ್ಬರಿಯನ್ನು ವರ್ತಕ ನೋಡುವ ರೀತಿ ಬದಲಾಗಿಲ್ಲ. ಎರಡು ಉಂಡೆ ಎತ್ತಿ ಒಂದಕ್ಕೊಂದು ತಾಗಿಸುತ್ತಾನೆ, ಮೂಸುತ್ತಾನೆ, ಒಂದನ್ನು ಒಡೆದು ಒಳಗಿನ ಬಿಳುಪು ನೋಡುತ್ತಾನೆ, ಮುಖದಲ್ಲಿ ಏನನ್ನೂ ತೋರಿಸುವುದಿಲ್ಲ.

ಇಲ್ಲಿಂದ ಹೊರಟ ಕೊಬ್ಬರಿಯಲ್ಲಿ ಹೆಚ್ಚಿನ ಪಾಲು ಉತ್ತರ ಭಾರತಕ್ಕೆ ಹೋಗುತ್ತದೆ, ಸಿಹಿತಿಂಡಿಗೆ, ಪೂಜೆಗೆ, ಮದುವೆಯ ಉಡಿಗೆ. ಹಾಗಾಗಿ ಅಲ್ಲಿನ ಹಬ್ಬ, ಅಲ್ಲಿನ ಮದುವೆ ತಿಂಗಳುಗಳು ಇಲ್ಲಿನ ದರವನ್ನು ಮೇಲೆ ಕೆಳಗೆ ಮಾಡುತ್ತವೆ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಪ್ರತ್ಯೇಕವಾಗಿ ಬೆಂಬಲ ಬೆಲೆ ಗೊತ್ತು ಮಾಡುತ್ತದೆ. 2023ರ ಹಂಗಾಮಿಗೆ ಕ್ವಿಂಟಲ್‌ಗೆ 11,750 ರೂಪಾಯಿ, 2024ಕ್ಕೆ 12,000, 2025ಕ್ಕೆ 12,100. 2023ರಲ್ಲಿ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದು, ನಾಫೆಡ್ ಖರೀದಿ ಕೇಂದ್ರಕ್ಕಾಗಿ ರೈತರು ಹೋರಾಟಕ್ಕಿಳಿದರು. 2025ರಲ್ಲಿ ಅದೇ ಕೊಬ್ಬರಿ ಬೆಂಬಲ ಬೆಲೆಯನ್ನು ಎಲ್ಲೋ ಹಿಂದೆ ಬಿಟ್ಟು ಮೇಲೇರಿತು. ಒಂದು ಕಿಲೋ ಕೊಬ್ಬರಿಗೆ ಗಾತ್ರ ನೋಡಿಕೊಂಡು ಆರರಿಂದ ಎಂಟು ಕಾಯಿ ಬೇಕು. ಈ ಲೆಕ್ಕ ಇಟ್ಟುಕೊಂಡರೆ ಚಹಾ ಅಂಗಡಿಯ ಮಾತು ಅರ್ಥವಾಗುತ್ತದೆ.

ದರ ಏರಿದರೆ ಅಟ್ಟಕ್ಕೆ ಒಳ್ಳೆಯದೇ ಎಂದುಕೊಳ್ಳಬೇಡಿ. ಹಸಿಕಾಯಿಗೆ, ಎಳನೀರಿಗೆ ಕೈತುಂಬ ದುಡ್ಡು ಸಿಗುವ ವರ್ಷ ಅಟ್ಟಕ್ಕೆ ಕಾಯಿ ಏರುವುದೇ ಇಲ್ಲ. ಒಂದು ವರ್ಷ ಕಾಯುವ ಬದಲು ಇವತ್ತೇ ಎಳನೀರು ಕೊಯ್ದು ಲಾರಿಗೆ ಹಾಕುವುದು ಲಾಭ. ಅದರ ಮೇಲೆ ಕಪ್ಪುತಲೆ ಹುಳು, ಬಿಳಿನೊಣ, ಕಾಂಡ ಸೋರುವ ರೋಗ, ಅಣಬೆ ರೋಗ ಎಂದು ಮರಗಳೇ ಸೊರಗುತ್ತಿವೆ. ರಸ್ತೆಯಲ್ಲಿ ಹೋಗುವಾಗ ಗರಿಯೆಲ್ಲ ಸುಟ್ಟಂತೆ ಕಾಣುವ ತೋಟಗಳು ಸಿಗುತ್ತವೆ, ಅವು ಬರದಿಂದ ಒಣಗಿದ್ದಲ್ಲ, ಕಪ್ಪುತಲೆ ಹುಳು ಮೇದದ್ದು. ನನ್ನನ್ನು ಕೇಳಿದರೆ ತಿಪಟೂರಿನ ಅಟ್ಟ ನೋಡುವುದನ್ನು ಮುಂದಕ್ಕೆ ಹಾಕಬಾರದು.

ಗುಡ್ಡದ ಕಡೆ

ಬಯಲಿನಲ್ಲಿ ಒಂದು ದಿನ ಕಳೆದವರಿಗೆ ಸಹಜವಾಗಿ ಬರುವ ಪ್ರಶ್ನೆ, ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗದಲ್ಲಿ ಇಷ್ಟೊಂದು ತೆಂಗು ಹೇಗೆ ನಿಂತಿತು? ಉತ್ತರದ ಮೊದಲ ಭಾಗ ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿದೆ.

ಚಿತ್ರದುರ್ಗದ ಕಡೆಯಿಂದ ಇಳಿದು ಬರುವ ಈ ಗುಡ್ಡಸಾಲು ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು, 250 ಕೋಟಿ ವರ್ಷಕ್ಕೂ ಹಳೆಯದು. ಮಲೆನಾಡಿನ ಹಸಿರು, ಮಂಜು, ಜಲಪಾತ ನಿರೀಕ್ಷಿಸಿ ಬಂದರೆ ಬೇಸರವಾದೀತು. ಇದು ಒಣ ಗುಡ್ಡ, ಬಾದೆಹುಲ್ಲು, ಕುರುಚಲು, ಕೆಂಪು ಕಲ್ಲು. ಮಳೆ ಬಂದ ಮೇಲೆ, ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ಇದರ ಚೆಂದವೇ ಬೇರೆ. ಫೆಬ್ರುವರಿ ನಂತರ ಹುಲ್ಲಿಗೆ ಬೆಂಕಿ ಬೀಳುವ ಕಾಲ, ಆಗ ಹತ್ತುವುದು ಬೇಡ.

ಈ ಸಾಲು ನೀರನ್ನು ಎರಡು ಪಾಲು ಮಾಡುತ್ತದೆ. ಉತ್ತರದ ಇಳಿಜಾರಿಗೆ ಬಿದ್ದ ಮಳೆ ಸುವರ್ಣಮುಖಿಯಾಗಿ ವೇದಾವತಿ ಸೇರಿ, ತುಂಗಭದ್ರೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಕೆರೆಯಿಂದ ಕೆರೆಗೆ ಇಳಿದು ಶಿಂಷಾ ಹಿಡಿದು ಕಾವೇರಿಗೆ. ಹೀಗೆ ಇಳಿಯುವ ಹಾದಿಯುದ್ದಕ್ಕೂ ಕೆರೆ ಕಟ್ಟಿಕೊಂಡು, ಕೆರೆಯ ಕೆಳಗೆ ತೋಟ ಮಾಡಿಕೊಂಡು ಈ ಸೀಮೆ ಬೆಳೆದಿದೆ. ಶೆಟ್ಟಿಕೆರೆ, ನೊಣವಿನಕೆರೆ, ತುರುವೇಕೆರೆ, ಹಂದನಕೆರೆ, ಊರಿನ ಹೆಸರಲ್ಲೇ ಕೆರೆ ಇದೆ. ತೆಂಗು ಹೇಗೆ ನಿಂತಿತೆಂಬ ಪ್ರಶ್ನೆಗೆ ಉತ್ತರದ ಎರಡನೇ ಭಾಗ ಗೊರೂರಿನಿಂದ ಬರುವ ಹೇಮಾವತಿ ನಾಲೆ, ಮೂರನೆಯದು ಕೊಳವೆಬಾವಿ. ಮೂರನೆಯದರ ಬಗ್ಗೆ ಯಾರೂ ಹೆಮ್ಮೆಯಿಂದ ಮಾತಾಡುವುದಿಲ್ಲ.

ಚಿಕ್ಕನಾಯಕನಹಳ್ಳಿ ಹಾಗಲವಾಡಿ ಪಾಳೆಯಗಾರರ ಕಾಲದ ಊರು, ಹೆಸರು ಬಂದದ್ದೂ ಆ ವಂಶದ ನಾಯಕನಿಂದ. ಅದನ್ನು ನೆಲೆ ಮಾಡಿಕೊಂಡು ಎರಡು ಮೂರು ಕಡೆ ಹೋಗಬಹುದು. ಮದಲಿಂಗನ ಕಣಿವೆ ಗುಡ್ಡಸಾಲಿನ ಸಂದು. ಮದುವಣಿಗನೊಬ್ಬ ಪಂದ್ಯಕ್ಕೆ ಬಿದ್ದು ಇಲ್ಲಿ ಪ್ರಾಣ ಕಳೆದುಕೊಂಡ ಕಥೆಯನ್ನು ಒಬ್ಬೊಬ್ಬರು ಒಂದೊಂದು ತರ ಹೇಳುತ್ತಾರೆ, ಕಥೆ ಕೇಳಿಕೊಂಡು ಹೋದರೆ ಕಣಿವೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಹುಳಿಯಾರಿನ ಕಡೆಯ ಬೋರನಕಣಿವೆಯಲ್ಲಿ ಸುವರ್ಣಮುಖಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ, ಮೈಸೂರು ಅರಸರ ಕಾಲದ ಜಲಾಶಯವಿದೆ. 19ನೇ ಶತಮಾನದ ಕೊನೆಯ ಈ ಕಟ್ಟೆ ತುಂಬುವುದೇ ಅಪರೂಪ. ತುಂಬಿದ ವರ್ಷ ಸುತ್ತಲಿನ ಊರುಗಳಿಗೆ ಅದೇ ಜಾತ್ರೆ. ತೀರ್ಥಪುರ ಎಂಬ ಹಳ್ಳಿಯ ಫಲಕ ಕಂಡರೆ ಸಾಹಿತ್ಯದ ವಿದ್ಯಾರ್ಥಿಗಳು ಒಂದು ನಿಮಿಷ ಗಾಡಿ ನಿಲ್ಲಿಸಬಹುದು. ತೀ.ನಂ. ಶ್ರೀಕಂಠಯ್ಯನವರ ‘ತೀ’ ಅದೇ ಊರು, 1906ರಲ್ಲಿ ಅವರು ಹುಟ್ಟಿದ್ದು ಅಲ್ಲಿ. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತಲೆ ಬೆಳೆದದ್ದು ಇಂಥ ಒಣ ಗುಡ್ಡಗಳ ಮಗ್ಗುಲಲ್ಲಿ.

ಗುಡ್ಡದ ಮೈಮೇಲಿನ ಕೆಂಪು ಗಾಯಗಳನ್ನೂ ನೋಡಿ. ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿಗಾಗಿ ಇಲ್ಲಿ ದಶಕಗಳ ಕಾಲ ಅಗೆದಿದ್ದಾರೆ. ಬಳ್ಳಾರಿಯ ನಂತರ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲೂ ಅದಿರು ಗಣಿಗಾರಿಕೆ ನಿಲ್ಲಿಸಿತು. ಅದಕ್ಕೆ ಮುಂಚೆ ಈ ರಸ್ತೆಗಳಲ್ಲಿ ಲಾರಿಗಳ ಧೂಳು ತೆಂಗಿನ ಗರಿಯ ಮೇಲೆ ಕೆಂಪಗೆ ಕೂತಿರುತ್ತಿತ್ತು. ನೀರು ನಿಂತ ಹಳೇ ಗಣಿ ಗುಂಡಿಗಳು ಫೋಟೊಗೆ ಸೊಗಸಾಗಿ ಕಾಣುತ್ತವೆ, ಅಂಚು ಸಡಿಲ, ಆಳ ಬಹಳ, ಹತ್ತಿರ ಹೋಗಬೇಡಿ. ಕಾಯ್ದಿಟ್ಟ ಅರಣ್ಯದೊಳಗೆ ನಡೆಯುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚಿರತೆ, ಕರಡಿ ಎರಡೂ ಇರುವ ಗುಡ್ಡಗಳಾದ್ದರಿಂದ ಬೆಳಗ್ಗೆ ಹತ್ತಿ ಹೊತ್ತಿರುವಾಗಲೇ ಇಳಿಯುವುದು ಕ್ಷೇಮ. ಮೇಲೆ ಅಂಗಡಿ ಇಲ್ಲ, ನೀರು ಹೊತ್ತುಕೊಂಡೇ ಹೋಗಬೇಕು. ಇದೇ ಒಣ ಸೀಮೆ ಶಿರಾದ ಕಡೆಗೆ ಮುಂದುವರಿದು ಬುಕ್ಕಾಪಟ್ಟಣದ ಕಾಡಾಗುತ್ತದೆ. ಚಿಂಕಾರ ಇರುವುದರಿಂದ 2019ರಲ್ಲಿ ಅದನ್ನು ವನ್ಯಧಾಮ ಎಂದು ಸಾರಿದರು.

ಇನ್ನೊಂದು ದಿನ ಇದ್ದರೆ

ಕೆ.ಬಿ. ಕ್ರಾಸಿನಿಂದ ದಕ್ಷಿಣಕ್ಕೆ ಹೋಗಿ. ತುರುವೇಕೆರೆಯಲ್ಲಿ ಹೊಯ್ಸಳರ ದಂಡನಾಯಕ ಸೋಮಣ್ಣ ಕಟ್ಟಿಸಿದ 13ನೇ ಶತಮಾನದ ಚೆನ್ನಕೇಶವ ಗುಡಿಯಿದೆ, ಸೋಮನಾಥಪುರದ ಗುಡಿ ಕಟ್ಟಿಸಿದ್ದೂ ಅವನೇ. ಅದೇ ಊರಿನ ಗಂಗಾಧರೇಶ್ವರ ಗುಡಿಯ ನಂದಿಯನ್ನು ಬಿಡಬೇಡಿ, ಅದರ ನಯ ಇವತ್ತಿಗೂ ಮಾಸಿಲ್ಲ. ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿ 1286ರದು, ಮೂವರು ಅಣ್ಣತಮ್ಮಂದಿರು ಕಟ್ಟಿಸಿದ ತ್ರಿಕೂಟ. ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದರೂ ತಿಪಟೂರಿಗೆ ಹತ್ತಿರವಿರುವ ನುಗ್ಗೇಹಳ್ಳಿಯದು 1246.

ಸಮಯ ಕಮ್ಮಿ ಇದ್ದು ಒಂದನ್ನೇ ನೋಡಬೇಕೆಂದರೆ ನಾನು ಹೇಳುವುದು ಅರಳುಗುಪ್ಪೆ. ಅಲ್ಲಿ ಹೊಯ್ಸಳ ಗುಡಿಯೂ ಇದೆ, ಆದರೆ ಹೋಗಬೇಕಾದದ್ದು ಅದಕ್ಕೂ ಹಳೆಯ, 9ನೇ ಶತಮಾನದ ಕಲ್ಲೇಶ್ವರ ಗುಡಿಗೆ. ಒಳಗೆ ಹೋಗಿ ಕತ್ತೆತ್ತಿ ನಿಲ್ಲಿ. ಛಾವಣಿಯ ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿಗೆ ತಮ್ಮ ತಮ್ಮ ವಾಹನಗಳ ಮೇಲೆ ದಿಕ್ಪಾಲಕರು. ಕೈಯಲ್ಲಿ ಒಂದು ಟಾರ್ಚ್ ಇರಲಿ, ಅಡ್ಡ ಬೆಳಕು ಬಿಟ್ಟರೆ ಶಿಲ್ಪ ಎದ್ದು ನಿಲ್ಲುತ್ತದೆ. ಈ ಗುಡಿಗಳು ಅನೇಕ ಸಲ ಬೀಗ ಹಾಕಿರುತ್ತವೆ, ಅರ್ಚಕರ ಮನೆ ಅದೇ ಬೀದಿಯಲ್ಲಿರುತ್ತದೆ, ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಕೇಳಿದರೆ ತೆಗೆಯುತ್ತಾರೆ. ತಟ್ಟೆಗೆ ಏನಾದರೂ ಹಾಕಿ.

ತಿಪಟೂರಿನ ಪಕ್ಕದ ದಸರೀಘಟ್ಟದಲ್ಲಿ ಚೌಡೇಶ್ವರಿಯದು ಬೇರೆಯೇ ರೀತಿ. ಹೊತ್ತವರ ಕೈಯಲ್ಲಿರುವ ಉತ್ಸವಮೂರ್ತಿ ಬಾಗಿ ಬಾಗಿ ಅಕ್ಷರ ಬರೆದು ಭಕ್ತರ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬ ನಂಬಿಕೆ. ಸಾಲು ಉದ್ದವಿರುತ್ತದೆ, ಅರ್ಧ ದಿನ ಅಲ್ಲಿಗೇ ಎಂದುಕೊಂಡು ಹೋಗಿ.

ಕೊಂಡು ಹೋಗುವುದಾದರೆ

ಅಟ್ಟ ತೋರಿಸಿದ ಮನೆಯವರು ಕೈಗೆ ಎರಡು ಗಿಟುಕು ಇಟ್ಟೇ ಕಳಿಸುತ್ತಾರೆ. ಅದಕ್ಕೆ ದುಡ್ಡು ಕೊಡಲು ಹೋಗಬೇಡಿ, ಮಕ್ಕಳಿದ್ದರೆ ಏನಾದರೂ ಕೊಟ್ಟು ಬನ್ನಿ. ಹೆಚ್ಚಿಗೆ ಬೇಕಿದ್ದರೆ ಅವರಲ್ಲೇ ದರ ಕೇಳಿ ಕೊಳ್ಳಬಹುದು, ಹಿಂದಿನ ಟೆಂಡರಿನ ದರ ಎಲ್ಲರಿಗೂ ಬಾಯಿಪಾಠ ಇರುತ್ತದೆ. ಆರಿಸುವಾಗ ಮೂರು ನೋಡಿ. ಉಂಡೆ ಇಡಿಯಾಗಿರಬೇಕು, ಉಗುರು ಚುಚ್ಚಿದರೆ ಒಳಗಿಳಿಯಬಾರದು, ಮೂಸಿದರೆ ಸಿಹಿ ವಾಸನೆ ಬರಬೇಕು. ಮುಗ್ಗಲು ವಾಸನೆಯಿದ್ದರೆ ಒಳಗೆ ಕೌಟು. ಮೇಲ್ಮೈಯ ಸುಕ್ಕು ದೋಷವಲ್ಲ, ಬೆಳ್ಳಗಿನ ಬೂಸ್ಟು ದೋಷ. ಮನೆಗೆ ತಂದಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೆವರಿ ಕೆಡುತ್ತದೆ. ಗಾಳಿಯಾಡುವ ಬುಟ್ಟಿಯಲ್ಲೋ ಬಟ್ಟೆಯ ಚೀಲದಲ್ಲೋ ಇಟ್ಟು, ಮಳೆಗಾಲದಲ್ಲಿ ಆಗಾಗ ಬಿಸಿಲು ತೋರಿಸಿದರೆ ತಿಂಗಳುಗಟ್ಟಲೆ ಇರುತ್ತದೆ. ಒಮ್ಮೆ ಒಡೆದದ್ದನ್ನು ಮಾತ್ರ ಬೇಗ ಬಳಸಿಬಿಡಿ.